ಭೋಂ ಮಾಮ ಗಾಳಿಯನ್ನು ಕೆಲಸಕ್ಕಿಟ್ಟುಕೊಂಡದ್ದು

ಭೋಂ ಮಾಮನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಊರಿನ ಬ್ಯಾಂಡಿನಲ್ಲಿ ಟ್ಯೂಬಾ ಊದಲು ನಿಂತ ಮೇಲೆ ಆ ಹೆಸರಿನಿಂದ ಅವನನ್ನು ಯಾರೂ ಕರೆಯಲಿಲ್ಲ, ಕರೆದಿದ್ದರೂ ಅವನು ತಿರುಗಿ ನೋಡುತ್ತಿರಲಿಲ್ಲ. ಟ್ಯೂಬಾ ಅಂದರೆ ಹಿತ್ತಾಳೆ ವಾದ್ಯಗಳಿಗೆಲ್ಲ ದೊಡ್ಡಣ್ಣ. ಊದುವವನ ಮೈಗೆ ಹೆಬ್ಬಾವಿನಂತೆ ಒಂದು ಸುತ್ತು ಸುತ್ತಿ, ತಲೆಯ ಮೇಲೆ ಹಂಡೆಯಷ್ಟು ಬಾಯಿ ತೆರೆದುಕೊಂಡಿರುತ್ತದೆ. ಇಷ್ಟು ದೊಡ್ಡ ಬಾಯಿ ಇಟ್ಟುಕೊಂಡು ಅದು ಆಡುವುದು ಒಂದೇ ಮಾತು: ಭೋಂ. ಹೀಗಾಗಿ ಮಕ್ಕಳಿಂದ ಮುದುಕರವರೆಗೆ ಎಲ್ಲರಿಗೂ ಅವನು ಭೋಂ ಮಾಮನೇ ಆದ. ಕೊನೆಕೊನೆಗೆ ಅವನ ಅತ್ತೆಯೂ, ಅಳಿಯನಿಗೆ ಮಾಮ ಅನ್ನಬಾರದೆಂಬ ಖಬರಿಲ್ಲದೆ, ಹಾಗೇ ಕರೆಯತೊಡಗಿದರು.

ಹಗಲು ಅವನದು ಸೈಕಲ್ ರಿಪೇರಿ ಅಂಗಡಿ. ಬೆಳಿಗ್ಗೆಯಿಂದ ಊರವರ ಚಕ್ರಗಳಿಗೆ ಗಾಳಿ ತುಂಬುವುದು, ಪಂಕ್ಚರ್ ಟ್ಯೂಬನ್ನು ನೀರಿನ ಬಾಣಲೆಯಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿಂದ ಬರುತ್ತದೆಂದು ಕಣ್ಣು ಕಿರಿದು ಮಾಡಿ ನೋಡುವುದು, ಸಂಜೆ ಕೈಯ ಗ್ರೀಸು ಒರೆಸಿಕೊಂಡು ತಾಲೀಮಿಗೆ ಹೋಗುವುದು. ಮಲಗಿದಾಗ ಬಿಟ್ಟರೆ ಗಾಳಿಯ ಹೊರತಾಗಿ ಅವನಿಗೆ ಬೇರೆ ವ್ಯವಹಾರವೇ ಇರಲಿಲ್ಲ. ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಅವಳು ಹೇಳುವ ಪ್ರಕಾರ ಮಲಗಿದಾಗ ಬಿಡುತ್ತಿದ್ದ ಗಾಳಿಯೂ ಕಡಿಮೆಯದಲ್ಲ.

ಇಂಥ ಮನುಷ್ಯನಿಗೆ ಆ ವರ್ಷ ಉಸಿರೇ ಕೈಕೊಟ್ಟಿತು. ಮೊದಮೊದಲು ಅವನು ಒಪ್ಪಲಿಲ್ಲ. ತಾಲೀಮಿನ ಕೋಣೆ ಇದ್ದದ್ದು ಎರಡನೇ ಮಹಡಿಯಲ್ಲಿ. ನಡುವಿನ ತಿರುವಿನಲ್ಲಿ ನಿಂತು, ಗೋಡೆಗೆ ಅಂಟಿಸಿದ್ದ 'ಇಲ್ಲಿ ಉಗುಳಬಾರದು' ಎಂಬ ಬರಹವನ್ನು ಮಹಾಕಾವ್ಯ ಓದುವಷ್ಟು ಹೊತ್ತು ಓದುತ್ತಿದ್ದ. ಎದೆ ತಹಬಂದಿಗೆ ಬಂದ ಮೇಲೆ ಮುಂದಿನ ಮೆಟ್ಟಿಲು. ಟ್ಯೂಬಾಕ್ಕೆ ಬಾಯಿಟ್ಟರೆ 'ಭೋಂ' ಬರುವ ಕಡೆ 'ಪುಸ್' ಬರುತ್ತಿತ್ತು.

"ಡಾಕ್ಟರಿಗೆ ತೋರಿಸಿದ್ರಲ್ಲ, ಏನಂದ್ರು?" ಎಂದು ಹೆಂಡತಿ ಕೇಳಿದಳು.

"ಏನಿಲ್ಲ ಕಣೇ. ಎದೆ ಗಟ್ಟಿಯಾಗಿದೆಯಂತೆ."

"ಊದೋದು ನಿಲ್ಲಿಸಿ ಅಂದಿದ್ದಾರೆ. ನಾನು ಅದೇ ಕೋಣೇಲಿ ಇದ್ದೆ ಕಣ್ರೀ."

ನಿಲ್ಲಿಸುವುದೆಂದರೆ ಏನೆಂದು ಅವನಿಗೆ ಗೊತ್ತಿತ್ತು. ಹಿಂದಿನ ವರ್ಷ ತುತ್ತೂರಿಯ ಅಜ್ಜನಿಗೆ ಹಲ್ಲು ಉದುರಿತೆಂದು ಬ್ಯಾಂಡಿನವರು ಚಪ್ಪಾಳೆ ತಟ್ಟಿ ಮನೆಗೆ ಕಳಿಸಿದ್ದರು. ಬ್ಯಾಂಡು ಬೀದಿಯಲ್ಲಿ ಹೋದಾಗಲೆಲ್ಲ ಅಜ್ಜ ಈಗ ಕಿಟಕಿಯ ಸರಳು ಹಿಡಿದು ನಿಂತಿರುತ್ತಾರೆ, ಬೆರಳುಗಳು ಸರಳಿನ ಮೇಲೇ ಸ್ವರ ಒತ್ತುತ್ತಿರುತ್ತವೆ. ಭೋಂ ಮಾಮ ಪ್ರತಿಸಲ ಆ ಕಿಟಕಿ ಬಂದಾಗ ಮುಖ ಆಚೆ ತಿರುಗಿಸುತ್ತಿದ್ದ. ಹಾಗೆ ಹೊರಗೆ ಉಳಿಯುವುದು ಅವನಿಗೆ ಸಾವಿಗಿಂತ ದೊಡ್ಡ ಭಯವಾಗಿತ್ತು.

ಬ್ಯಾಂಡ್ ಮೇಷ್ಟ್ರು ಕಡ್ಡಿ ಮುರಿದಂತೆ ಮಾತಾಡುವ ಆಸಾಮಿ. ಅವರಿಗೆ ಕಿವಿಗಿಂತ ಕಣ್ಣಿನ ಮೇಲೆ ನಂಬಿಕೆ ಹೆಚ್ಚು. "ಕೆನ್ನೆ ಉಬ್ಬಿದ್ರೆ ಊದ್ತಿದಾನೆ ಅಂತ ಅರ್ಥ" ಎನ್ನುತ್ತಿದ್ದರು. ಭೋಂ ಮಾಮ ಊದದೆಯೇ ಕೆನ್ನೆ ಉಬ್ಬಿಸುವುದನ್ನು ಕಲಿತ. ದೊಡ್ಡ ಡೋಲು ಬಡಿಯುವ ಬೇಕರಿಯವನು ಪಕ್ಕದಲ್ಲೇ ಇದ್ದುದರಿಂದ ಕೆಲವು ತಿಂಗಳು ಬಂಡವಾಳ ಬಯಲಾಗಲಿಲ್ಲ. ಅಷ್ಟರಲ್ಲಿ ಮೇಷ್ಟ್ರು ಬೇಸಿಗೆಯ ಸಮುದ್ರತೀರದ ಕಾರ್ಯಕ್ರಮಕ್ಕೆ ಹೊಸ ರಾಗವೊಂದನ್ನು ತಂದರು. ಅದರ ನಡುವೆ ಎಲ್ಲರೂ ಸುಮ್ಮನಾಗಿ ಟ್ಯೂಬಾ ಒಂದೇ ನುಡಿಯಬೇಕು.

"ಯಾಕೋ ನಿನ್ನ ಭೋಂ ತೆಳುವಾಗಿದೆ" ಎಂದರು ಮೇಷ್ಟ್ರು. "ಅವತ್ತು ಸರಿಯಾಗಿ ಬಂದ್ರೆ ಬಂತು. ಇಲ್ಲಾಂದ್ರೆ ಚಪ್ಪಾಳೆ ತಟ್ಟಿಬಿಡ್ತೀವಿ ನೋಡು."

ಮಾಮ ಟ್ಯೂಬಾ ಹೊತ್ತು ಒಬ್ಬನೇ ಸಮುದ್ರದ ದಡಕ್ಕೆ ಹೋದ. ಅಲ್ಲಿಯಾದರೆ 'ಪುಸ್' ಎಂದರೂ ಕೇಳುವವರಿಲ್ಲ. ಒಂದಷ್ಟು ಊದಿದ, ಕಣ್ಣಿಗೆ ಕತ್ತಲೆ ಬಂತು, ಮರಳಿನ ಮೇಲೆ ಕುಸಿದು ಕೂತ. ಆಗ ಗಾಳಿ ಎದ್ದಿತು. ಮೀಸೆಗೆ ಉಪ್ಪು ಹತ್ತಿತು, ಹಲ್ಲಿನ ನಡುವೆ ಮರಳು ಕರಕರ ಎಂದಿತು, ಅಂಗಿ ಉಬ್ಬಿ ಬೆನ್ನಿಗೊಂದು ದಿಂಬು ಕಟ್ಟಿತು. ಹೆಗಲ ಮೇಲಿನ ಟವೆಲು ಹಾರಿ, ಅತ್ತ ವಾಕಿಂಗ್ ಮಾಡುತ್ತಿದ್ದ ದಪ್ಪಗಿನ ವಕೀಲರ ಮುಖಕ್ಕೆ ಅಂಟಿಕೊಂಡಿತು. ಅವರು ಅದರೊಳಗಿನಿಂದಲೇ ಬೈಯುತ್ತಿದ್ದರು. ಆ ಗಲಾಟೆಯ ನಡುವೆ ಯಾರೋ ಮೆಲ್ಲಗೆ, ಉದ್ದಕ್ಕೆ, ಭೋಂ ಎಂದರು.

ಮಾಮ ಹಡಗೇನೋ ಅಂದುಕೊಂಡ. ಹಡಗಿರಲಿಲ್ಲ. ವಕೀಲರನ್ನು ನೋಡಿದ. ಅವರದ್ದಾಗಿರಲಿಲ್ಲ. ಆಮೇಲೆ ತನ್ನ ಪಕ್ಕೆಯೇ ನಡುಗುತ್ತಿದೆ ಎಂದು ಗೊತ್ತಾಯಿತು. ಗಾಳಿ ಟ್ಯೂಬಾದ ಬಾಯಲ್ಲಿ ಹೊಕ್ಕು ತಾನೇ ಊದುತ್ತಿತ್ತು! ಹೆದರುತ್ತ ಒಂದು ಗುಂಡಿ ಒತ್ತಿದ. ಸ್ವರ ಇಳಿಯಿತು. ಇನ್ನೊಂದು ಒತ್ತಿದ. ಇನ್ನೂ ಇಳಿಯಿತು. "ಅಯ್ಯಯ್ಯೋ" ಎಂದ ಮಾಮ, "ನಿನಗೆ ಬರುತ್ತಾ ಇದು?"

ಗಾಳಿ ಬಂದಾಗ ತೂರಿಕೋ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಮಾರನೆಯ ದಿನದಿಂದ ಅವನು ಸಂಜೆ ಅಂಗಡಿ ಬೇಗ ಮುಚ್ಚಿ ದಡಕ್ಕೆ ಓಡತೊಡಗಿದ. ಸಮುದ್ರಕ್ಕೆ ಮುಖ ಮಾಡಿದರೆ ಸ್ವರ ಜೋರು, ಓರೆಯಾದರೆ ಮೆತ್ತಗೆ, ಬೆನ್ನು ತಿರುಗಿಸಿದರೆ ನಿಶ್ಶಬ್ದ. ಎಡಗಿವಿ ತಣ್ಣಗಾದರೆ ಗಾಳಿ ಹೊರಳುತ್ತಿದೆ ಎಂದು ಲೆಕ್ಕ. ಮೊಣಕಾಲಿಗೆ ಮರಳು ಚುಚ್ಚಿದರೆ ಈಗ ದೊಡ್ಡದೊಂದು ಬರುತ್ತದೆ ಎಂದು ಲೆಕ್ಕ. ಇಷ್ಟು ತಿಳಿದವನು ದಡದ ಮೇಲೆ ನಿಂತು ನಿಧಾನಕ್ಕೆ ತಿರುಗುತ್ತ, ನಿಲ್ಲುತ್ತ, ಹಿಂದಕ್ಕೆ ತಿರುಗುತ್ತ ಆ ಹೊಸ ರಾಗವನ್ನು ಗಾಳಿಗೆ ಕಲಿಸಿದ. ನೋಡಿದವರು ಕೆಟ್ಟ ಟೇಬಲ್ ಫ್ಯಾನಿಗೆ ಯಾರೋ ಪ್ಯಾಂಟು ತೊಡಿಸಿದ್ದಾರೆ ಅಂದುಕೊಂಡರು.

ಕೆಲವು ಸಂಜೆ ಅವನಿಗೆ ಕಾರ್ಯಕ್ರಮದ ಚಿಂತೆಯೇ ಮರೆತುಹೋಗುತ್ತಿತ್ತು. ಜೀವಮಾನವಿಡೀ ಅವನು ಬ್ಯಾಂಡಿಗಾಗಿ ಊದಿದ್ದ. ಊದುವಾಗ ತನ್ನ ಎದೆಬಡಿತ, ತನ್ನ ಏದುಸಿರು ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ. ಈಗ ಬರೀ ನಿಂತುಕೊಂಡು ತನ್ನ ಟ್ಯೂಬಾವನ್ನು ಮೊದಲ ಸಲ ಕೇಳುತ್ತಿದ್ದ. ಉಸಿರು ತೆಗೆದುಕೊಳ್ಳಲು ನಿಲ್ಲದ ಸ್ವರ ಅದು. ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂದು ಹೇಳಲಾಗುತ್ತಿರಲಿಲ್ಲ. ಎಷ್ಟು ಚೆನ್ನಾಗಿದೆಯಲ್ಲ ಎಂದು ಅವನಿಗೆ ಅಳು ಬಂತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಇಲ್ಲಿ ಈ ಬ್ಯಾಂಡಿನ ಒಂದು ಕಟ್ಟುಪಾಡು ಹೇಳಬೇಕು. ಹಿಂದೊಮ್ಮೆ ಮೆರವಣಿಗೆಯಲ್ಲಿ ವೃತ್ತ ಬಂದಾಗ ಅರ್ಧ ಬ್ಯಾಂಡು ಎಡಕ್ಕೂ ಅರ್ಧ ಬ್ಯಾಂಡು ಬಲಕ್ಕೂ ಹೋಗಿ, ಎರಡು ಬೀದಿಗಳಲ್ಲಿ ಎರಡು ಮೆರವಣಿಗೆ ಆಗಿತ್ತು. ಆವತ್ತು ಮೇಷ್ಟ್ರು ಕಾನೂನು ಮಾಡಿದರು: ಟ್ಯೂಬಾದ ಬಾಯಿ ಎಲ್ಲರ ತಲೆಗಿಂತ ಎತ್ತರ, ಅದು ಎಲ್ಲಿಗೋ ಎಲ್ಲರೂ ಅಲ್ಲಿಗೆ. "ಭೋಂ ನಡೆದ್ರೆ ನಡೀರಿ, ಭೋಂ ನಿಂತ್ರೆ ನಿಲ್ರಿ. ಮಧ್ಯೆ ಸ್ವಂತ ಬುದ್ಧಿ ಯಾರೂ ಉಪಯೋಗಿಸಬೇಡಿ."

ಕಾರ್ಯಕ್ರಮದ ಸಂಜೆ ದಡದಲ್ಲಿ ಜನವೋ ಜನ. ಹೆಂಡತಿಗೆ ರಾತ್ರಿ ಪಾಳಿ ಇದ್ದುದರಿಂದ ಮನೆಯಲ್ಲೇ ಮಲಗಿದ್ದಳು, ಸದ್ಯ. ಗಾಳಿ ಚೆನ್ನಾಗಿತ್ತು. ಬ್ಯಾಂಡು ಶುರುವಾಯಿತು, ಕ್ಲಾರಿನೆಟ್ಟಿನ ದರ್ಜಿ ತಲೆಯಾಡಿಸಿದ, ಬೇಕರಿಯವನು ಡೋಲು ಬಡಿದ. ಟ್ಯೂಬಾ ಒಂದೇ ನುಡಿಯಬೇಕಾದ ಜಾಗ ಬಂತು. ಎಲ್ಲರೂ ಸುಮ್ಮನಾದರು. ಮಾಮ ಕೆನ್ನೆ ಉಬ್ಬಿಸಿ, ಸಮುದ್ರಕ್ಕೆ ತಿರುಗಿದ.

ಭೋಂ ಎಂದಿತು. ಎಂಥ ಭೋಂ! ಮೇಷ್ಟ್ರ ಹುಬ್ಬು ಮೇಲೇರಿತು. ಎರಡನೇ ಸಾಲಿಗೆ ಬರುವಷ್ಟರಲ್ಲಿ ಸ್ವರ ಸೊರಗಿತು. ಐಸ್‌ಕ್ರೀಮಿನವನು ಜನ ಸೇರಿದ್ದಾರೆಂದು ಗಾಡಿಯನ್ನು ತಂದು ಅಡ್ಡ ನಿಲ್ಲಿಸಿ, ಅದಕ್ಕೊಂದು ಟಾರ್ಪಾಲು ಬೇರೆ ಕಟ್ಟಿದ್ದ. ಗಾಳಿಯೆಲ್ಲ ಅವನ ಟಾರ್ಪಾಲಿಗೆ ಹೋಗುತ್ತಿತ್ತು. ಮಾಮ ಗಾಳಿ ಹುಡುಕಿಕೊಂಡು ಎರಡು ಹೆಜ್ಜೆ ಮುಂದೆ ಇಟ್ಟ.

ಹಿಂದೆ ಇಡೀ ಬ್ಯಾಂಡು ಎರಡು ಹೆಜ್ಜೆ ಮುಂದೆ ಇಟ್ಟಿತು.

ಅವನಿಗೆ ಗೊತ್ತಾಗಲಿಲ್ಲ. ಕಿವಿಯೆಲ್ಲ ಗಾಳಿಯ ಕಡೆಗಿತ್ತು. ನೀರಿನ ಅಂಚಿನಲ್ಲಿ ಗಾಳಿ ಬಲವಾಗಿತ್ತು, ಅಲ್ಲಿಗೆ ಹೋದ. ಪಾದ ಒದ್ದೆಯಾಯಿತು. ಇನ್ನೂ ಮುಂದೆ ಇನ್ನೂ ಬಲವಾಗಿತ್ತು. ಟ್ಯೂಬಾ ಒಂಟಿಯಾಗಿ ನುಡಿಯುವ ಭಾಗ ಮುಗಿದು ಹಿಂದಿನಿಂದ ಎಲ್ಲ ವಾದ್ಯಗಳೂ ಸೇರಿಕೊಂಡವು. ಹತ್ತಿರದಲ್ಲೇ ಕೇಳುತ್ತಿವೆಯಲ್ಲ ಎಂದು ಅವನಿಗೆ ಹಿತವಾಯಿತು. ಮೊಣಕಾಲು ಮುಳುಗಿದಾಗ ಹಿಂದೆ ಬೇಕರಿಯವನು ಗೊಣಗಿದ: "ಮೇಷ್ಟ್ರೇ, ನೀರು!"

"ಭೋಂ ನಡೀತಿದಾನೆ, ನಡಿ!" ಎಂದರು ಮೇಷ್ಟ್ರು, ಪ್ಯಾಂಟು ಎತ್ತಿಕೊಳ್ಳುತ್ತ.

ಸೊಂಟದವರೆಗೆ ನೀರು ಬಂದಾಗ ಅಲೆಯೊಂದು ದೊಡ್ಡ ಡೋಲನ್ನು ಎತ್ತಿತು. ಡೋಲಿನ ಜೊತೆ ಬೇಕರಿಯವನೂ ತೇಲಿದ. ಆದರೂ ಅವನು ತಾಳ ತಪ್ಪಲಿಲ್ಲ, ಅದನ್ನು ಮೆಚ್ಚಬೇಕು. ದರ್ಜಿಯ ಕ್ಲಾರಿನೆಟ್ಟು ಗುಳಗುಳ ಎಂದಿತು. ದಡದ ಜನ ಇಂಥ ಕಾರ್ಯಕ್ರಮ ಹುಟ್ಟಾ ನೋಡಿರಲಿಲ್ಲ, ಎದ್ದು ನಿಂತು ಕೂಗುತ್ತಿದ್ದರು. ರಾಗ ಮುಗಿಯಿತು. ಮೇಷ್ಟ್ರು ಒದ್ದೆ ಕೋಲನ್ನು ಗಾಳಿಯಲ್ಲಿ ಬೀಸಿ ನಿಲ್ಲಿಸಿದರು. ಎಲ್ಲರೂ ನಿಲ್ಲಿಸಿದರು.

ಟ್ಯೂಬಾ ನಿಲ್ಲಿಸಲಿಲ್ಲ.

ಮಾಮ ಗುಂಡಿಯೆಲ್ಲ ಬಿಟ್ಟ. ಭೋಂ. ಟ್ಯೂಬಾದಿಂದ ಬಾಯಿ ಆಚೆ ತೆಗೆದ. ಭೋಂ. "ಸಾಕು ಸಾಕು, ಸುಮ್ನಿರು ಮಾರಾಯ" ಎಂದು ಟ್ಯೂಬಾಕ್ಕೆ ಗದರಿದ. ಬೆನ್ನು ತಿರುಗಿಸಿದರೆ ನಿಲ್ಲುತ್ತದೆಂದು ನೆನಪಾಗಿ ತಿರುಗಿದ. ಭೋಂ ನಿಂತಿತು. ತಿರುಗಿದರೆ ಎದುರಿಗೆ ಸೊಂಟದ ನೀರಿನಲ್ಲಿ ಇಡೀ ಬ್ಯಾಂಡು ಅವನ ಬಾಯನ್ನೇ ನೋಡುತ್ತಿತ್ತು.

"ಊದ್ತಾ ಇದ್ದಿದ್ದು ನೀನಲ್ವಾ?" ಎಂದರು ಮೇಷ್ಟ್ರು.

ಮಾಮ ಸುಳ್ಳು ಹೇಳಲು ಹೋಗಲಿಲ್ಲ. "ಅಲ್ಲ ಮೇಷ್ಟ್ರೇ. ನನ್ನ ಹತ್ರ ಉಸಿರಿಲ್ಲ. ಚಳಿಗಾಲದಿಂದ ಇಲ್ಲ. ಬರೀ ಕೆನ್ನೆ ಉಬ್ಬಿಸ್ತಿದ್ದೆ. ಮನೆಗೆ ಕಳಿಸ್ತೀರಿ ಅಂತ ಹೆದರಿಕೆ ಆಯ್ತು."

ಮೇಷ್ಟ್ರು ನೀರು ಸೀಳಿಕೊಂಡು ಹತ್ತಿರ ಬಂದರು. "ಕೊಡು ಇಲ್ಲಿ" ಎಂದು ಟ್ಯೂಬಾವನ್ನು ಅವನ ಮೈಯಿಂದ ಬಿಡಿಸಿ, ನೀರು ಬಗ್ಗಿಸಿ, ತಾವೇ ಹೆಗಲಿಗೇರಿಸಿಕೊಂಡರು. ಅಷ್ಟು ವರ್ಷ ಹೊತ್ತ ಹೆಗಲು ಹಗುರಾಯಿತು. ಆ ಹಗುರ ತಡೆಯಲಾಗದೆ ಮಾಮ ಯಾರ ಮುಖವನ್ನೂ ನೋಡದೆ ದಡದ ಕಡೆ ಹೊರಟ. ಈಗ ಚಪ್ಪಾಳೆ ತಟ್ಟುತ್ತಾರೆ, ಈಗ ತಟ್ಟುತ್ತಾರೆ ಎಂದು ಬೆನ್ನು ಬಿಗಿಹಿಡಿದು ನಡೆದ. ಚಪ್ಪಾಳೆ ಕೇಳಲಿಲ್ಲ. ಕೇಳಿದ್ದು ನೀರಿನ ಸದ್ದು. ಚಳಕ್, ಚಳಕ್. ಎಡ, ಬಲ. ಅವನು ಬೇಗ ನಡೆದರೆ ಅದೂ ಬೇಗವಾಯಿತು. ಮರಳಿಗೆ ಬಂದು ಅವನು ಗಕ್ಕನೆ ನಿಂತ. ಹಿಂದಿನ ಸದ್ದೂ ಗಕ್ಕನೆ ನಿಂತಿತು, ಡೋಲು ಮಾತ್ರ ಯಾರದೋ ಬೆನ್ನಿಗೆ ಡಿಕ್ಕಿ ಹೊಡೆಯಿತು.

ತಿರುಗಿ ನೋಡಿದ. ಎಲ್ಲರೂ ಸಾಲಾಗಿ, ಸಮುದ್ರವನ್ನು ಮೈಯಿಂದ ಸುರಿಸುತ್ತ, ಅವನು ಮುಂದಿನ ಹೆಜ್ಜೆ ಇಡಲೆಂದು ಕಾಯುತ್ತಿದ್ದರು.

"ಟ್ಯೂಬಾ ನಿಮ್ಮ ಹತ್ರ ಇದೆಯಲ್ಲ ಮೇಷ್ಟ್ರೇ" ಎಂದ ಮಾಮ. "ನನ್ನ ಹಿಂದೆ ಯಾಕೆ ಬರ್ತೀರಿ?"

ಮೇಷ್ಟ್ರು ಹೆಗಲ ಮೇಲಿನ ಟ್ಯೂಬಾವನ್ನು ನೋಡಿಕೊಂಡರು. ಇದು ಅವರಿಗೂ ಹೊಳೆದಿರಲಿಲ್ಲವೇನೋ. "ಊದೋರು ಯಾರಾದ್ರೂ ಸಿಗ್ತಾರೆ ಬಿಡೋ" ಎಂದರು ಕೊನೆಗೆ. "ಮುಂದೆ ನಡೆಯೋರು ಎಲ್ಲಿ ಸಿಗ್ತಾರೆ? ನಡಿ, ಚಳಿಯಾಗ್ತಿದೆ."

ಎಲ್ಲಿಗೆ ಎಂದು ಅವರು ಹೇಳಲಿಲ್ಲ. ಮಾಮನಿಗೆ ಕಣ್ಣು ಮಂಜಾಗಿತ್ತು, ಕಾಲಿಗೆ ಗೊತ್ತಿದ್ದದ್ದು ಒಂದೇ ದಾರಿ. ಬರಿಗೈ ಬೀಸಿಕೊಂಡು, ಎದೆ ಮುಂದೆ ಮಾಡಿ, ಉಸಿರು ಸಾಲದ ಕಡೆ ಒಂದು ಗಳಿಗೆ ನಿಂತು, ಮತ್ತೆ ನಡೆದ. ಅವನು ನಿಂತಾಗಲೆಲ್ಲ ಬ್ಯಾಂಡೂ ಶಿಸ್ತಾಗಿ ನಿಂತಿತು. ದಾರಿಹೋಕರು ಇದು ಹೊಸ ಬಗೆಯ ಕವಾಯತು ಅಂದುಕೊಂಡರು.

ಬಾಗಿಲು ಬಡಿದ ಸದ್ದಿಗೆ ಹೆಂಡತಿ ನಿದ್ದೆಗಣ್ಣಲ್ಲಿ ಬಂದು ತೆರೆದಳು. ಗಂಡನನ್ನು ನೋಡಿದಳು. ಬರಿದಾದ ಅವನ ಹೆಗಲನ್ನು ನೋಡಿದಳು. ಅವನ ಹಿಂದೆ ಮೆಟ್ಟಿಲುದ್ದಕ್ಕೂ, ಬೀದಿಯುದ್ದಕ್ಕೂ ತೊಟ್ಟಿಕ್ಕುತ್ತ ನಿಂತ ಸಾಲನ್ನು ನೋಡಿದಳು.

"ನಿಲ್ಲಿಸ್ಬಿಟ್ಟೆ ಕಣೇ" ಎಂದ ಮಾಮ.

"ಒಳ್ಳೇದಾಯ್ತು, ಒಳಗೆ ಬನ್ನಿ" ಎಂದಳು ಅವಳು. ಅವನು ಹೊಸ್ತಿಲು ದಾಟಿದ. ಆಮೇಲೆ ಅವಳು ಬಾಗಿಲು ಮುಚ್ಚಲು ನೋಡಿದರೆ ಆಗಲಿಲ್ಲ, ಮೇಷ್ಟ್ರು ಆಗಲೇ ಒಂದು ಕಾಲು ಒಳಗಿಟ್ಟಿದ್ದರು.