ಚಪ್ಪಲಿ ಮೆಟ್ಟದೆ ಹೋಗುವ ತವರು

ವಿಜಯಶ್ರೀಯ ಕಥೆ ಶುರುವಾಗುವುದು ಬೇಸಿಗೆ ರಜೆ ಬಿಡುವ ಹಿಂದಿನ ದಿನ, ಆಂಧ್ರದ ಗಡಿಯ ಆದೋನಿಯ ಕನ್ನಡ ಶಾಲೆಯ ಐದನೆಯ ತರಗತಿಯಲ್ಲಿ. ಪಾಠಗಳೆಲ್ಲ ಮುಗಿದಿದ್ದವು. ಊರಿಗೆ ಹೊಸಬರಾಗಿ ಬಂದಿದ್ದ ಮೇಷ್ಟ್ರು, ಹೊತ್ತು ಹೋಗಲೆಂದು, ರಜೆಗೆ ಯಾರು ಯಾವ ಊರಿಗೆ ಹೋಗುತ್ತೀರೆಂದು ಮಕ್ಕಳನ್ನು ಒಬ್ಬೊಬ್ಬರಾಗಿ ಕೇಳುತ್ತ ಬಂದರು. ಒಬ್ಬ ಮಂತ್ರಾಲಯವೆಂದ, ಇನ್ನೊಬ್ಬಳು ಚಿಪ್ಪಗಿರಿಯೆಂದಳು. ಎರಡು ಜಡೆಯ ತೆಳ್ಳನೆಯ ಹುಡುಗಿ ವಿಜಯಶ್ರೀಯ ಸರದಿ ಬಂದಾಗ ಅವಳು ಎದ್ದು ನಿಂತು, "ನಾನು ಎಲ್ಲೂ ಹೋಗಂಗಿಲ್ರಿ ಸಾರ್. ನಮ್ಮ ಅಜ್ಜಿ ಮನಿ ನಮ್ಮ ಮನಿ ಎದುರಿಗೇ ಐತ್ರಿ" ಎಂದಳು.

"ಆಕಿ ಅಜ್ಜಿ ಊರಿಗೆ ಬಸ್ಸಿಲ್ರಿ ಸಾರ್!" ಎಂದು ಹಿಂದಿನಿಂದ ಯಾರೋ ಕೂಗಿದರು. ತರಗತಿಯೆಲ್ಲ ನಕ್ಕಿತು. ಅವಳೂ ನಕ್ಕಳು. ಆದರೆ ಕೂರುವಾಗ ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡು ಕುಳಿತಳು.

ಅವಳ ಮನೆ ಹಳೆಪೇಟೆಯ ಕಿರಿದಾದ ಓಣಿಯಲ್ಲಿತ್ತು. ಪಕ್ಕದ ಮನೆಯಲ್ಲಿ ಒಂದು ಮಾರವಾಡಿ ಕುಟುಂಬ ಬಾಡಿಗೆಗಿತ್ತು. ಪೇಟೆಯಲ್ಲಿ ಅವರದು ಬಟ್ಟೆ ಅಂಗಡಿ. ಆ ಮನೆಯ ಮಗಳು ಸುಗನಾ ವಿಜಯಶ್ರೀಯ ವಾರಿಗೆಯವಳು. ಪ್ರತಿ ಬೇಸಿಗೆಯಲ್ಲಿ ಸುಗನಾಳ ಮನೆಯವರು ಹಿತ್ತಾಳೆಯ ಬುತ್ತಿಡಬ್ಬಿ, ಮಣ್ಣಿನ ಕೂಜ ಹಿಡಿದು ರೈಲು ಹತ್ತಿ, ರಾಜಸ್ಥಾನದ ಮರಳುಗಾಡಿನ ಅಂಚಿನಲ್ಲಿದ್ದ ಅಜ್ಜಿಯ ಹಳ್ಳಿಗೆ ಹೋಗುತ್ತಿದ್ದರು. ಹಿಂದಿರುಗಿದ ಮೇಲೆ ಸುಗನಾ ಹೇಳುವ ಕಥೆಗಳಿಗೆ ಕೊನೆಯಿರುತ್ತಿರಲಿಲ್ಲ.

"ಹಗಲೆಲ್ಲ ಬೆಂಕಿ ನೋಡು ವಿಜಿ. ಹೊತ್ತು ಮುಣುಗಿತಂದ್ರ ಮರಳು ತಣ್ಣಗಾಗತೈತಿ. ಹೊರಸು ಹಾಕ್ಕೊಂಡು ಮಲಗ್ತೀವಿ. ಬೆಳಗಿನ ಜಾವಕ್ಕ ಕೌದಿ ಹೊದ್ಕೋಬೇಕಾಗತೈತಿ."

"ಕೌದಿನಾ? ಬ್ಯಾಸಗ್ಯಾಗ? ಸುಳ್ಳು ಹೇಳಬ್ಯಾಡ."

"ನಮ್ಮಜ್ಜಿ ಆಣಿ! ಬಾ ನೀನೂ ಒಂದ್ಸಲ, ತೋರಸ್ತೀನಿ."

ಆದೋನಿಯ ಬೇಸಿಗೆಯನ್ನು ಉಂಡವರಿಗೆ ಆ ಮಾತಿನ ರುಚಿ ಗೊತ್ತಾಗುತ್ತದೆ. ಇಲ್ಲಿ ಬಂಡೆ ಹಾಸಿದ ಮಾಳಿಗೆ ಹಗಲು ಕುಡಿದ ಬಿಸಿಲನ್ನು ರಾತ್ರಿಯೆಲ್ಲ ಉಸಿರುತ್ತದೆ. ಆ ಉರಿಯಲ್ಲಿ ಮಗ್ಗುಲು ಬದಲಿಸುತ್ತ ಮಲಗುತ್ತಿದ್ದ ಹುಡುಗಿಗೆ, ಎಲ್ಲೋ ಒಂದು ಕಡೆ ಸಂಜೆಯಾದೊಡನೆ ತಣ್ಣಗಾಗುವ ನೆಲವಿದೆ ಎಂಬುದು ಮನಸ್ಸಿನಲ್ಲಿ ಕೂತುಬಿಟ್ಟಿತು.

ಹದಿನಾರು ತುಂಬುವಷ್ಟರಲ್ಲಿ ಸುಗನಾಳನ್ನು ಆ ಮರಳಿನ ಸೀಮೆಗೇ ಮದುವೆ ಮಾಡಿ ಕೊಟ್ಟರು. ಕೆಲವು ವರ್ಷಗಳ ಮೇಲೆ ಅವಳ ತಂದೆಯೂ ಅಂಗಡಿ ಮುಚ್ಚಿ ಊರು ಬಿಟ್ಟರು.

ವಿಜಯಶ್ರೀಯ ಮದುವೆ ಸೋದರಮಾವನ ಮಗ ಸಿದ್ದಲಿಂಗೇಶನೊಂದಿಗೆ ಆಯಿತು. ಈ ಕಡೆ ಅದು ನಡೆದು ಬಂದ ರೂಢಿ. ಎದುರಿಗಿದ್ದ ಅಜ್ಜಿಯ ಮನೆಯೇ ಗಂಡನ ಮನೆಯಾಯಿತು. ಹುಟ್ಟಿದ ಮನೆ ಎದುರು ಬಾಗಿಲಿನ ತವರಾಯಿತು. ಮಗಳನ್ನು ಕಳಿಸಿಕೊಡುವಾಗ ತಾಯಿ ವೀರಬಸಮ್ಮ ಅವಳ ಸೆರಗಿಗೆ ಅಕ್ಕಿ, ಬೆಲ್ಲ, ಕೊಬ್ಬರಿಬಟ್ಟಲು, ಕುಬುಸದ ಕಣ ಹಾಕಿ ಉಡಿ ತುಂಬುತ್ತಿದ್ದರೆ, ಸುತ್ತ ನಿಂತವರು ಅಳುವ ಬದಲು ನಗುತ್ತಿದ್ದರು.

"ಅಳಬ್ಯಾಡ ವೀರಬಸಮ್ಮಾ, ಸಾರಿಗೆ ಉಪ್ಪು ಸಾಲ್ದಿದ್ರ ಅಲ್ಲಿಂದನ ಕೂಗ್ತಾಳ" ಎಂದಳು ಓಣಿಯ ಗಂಗಕ್ಕ. ವೀರಬಸಮ್ಮನೂ ನಕ್ಕುಬಿಟ್ಟಳು.

ನಾಗರಪಂಚಮಿ ಬಂತೆಂದರೆ ಓಣಿಯ ಸೊಸೆಯರೆಲ್ಲ ಟ್ರಂಕು ಹಿಡಿದು ತವರಿಗೆ ಹೊರಡುವರು. ಅಣ್ಣನೋ ತಮ್ಮನೋ ಕರೆಯಲು ಬರುವನು. ವಿಜಯಶ್ರೀ ಉಂಡಿಯ ಬಟ್ಟಲು ಹಿಡಿದು ಓಣಿ ದಾಟುವಳು, ಒಲೆಯ ಮೇಲಿನ ಹಾಲು ಉಕ್ಕುವುದರೊಳಗೆ ತಿರುಗಿ ಬರುವಳು. "ತವರಿಗೆ ಹೋಗಿ ಬಂದೆ ಅಂತ ಹೆಂಗ ಹೇಳ್ಲಿ? ಕಾಲಾಗ ಚಪ್ಲಿ ಸೈತ ಇರಂಗಿಲ್ಲ" ಎಂದು ತಾನೇ ತಮಾಷೆ ಮಾಡಿಕೊಳ್ಳುವಳು. ತಾಯಿಯ ಮೇಲೆ ಪ್ರೀತಿ ಕಡಿಮೆಯಿತ್ತೆಂದಲ್ಲ. ದೂರದಿಂದ ಬರುವುದು, ಬಾಗಿಲಲ್ಲಿ ಯಾರೋ ಕಾದು ನಿಂತಿರುವುದು, "ಸೊರಗಿದ್ದಿ" ಎಂದು ಮುಖ ಸವರುವುದು, ಇದೊಂದು ಅವಳ ಪಾಲಿಗೆ ಬರಲಿಲ್ಲ. ಹಾಗಾಗಿ ಎಂದಾದರೊಂದು ಬೇಸಿಗೆ ಸುಗನಾಳ ಊರಿಗೆ ಹೋಗಬೇಕು ಎಂಬ ಆಸೆಯನ್ನು ಅವಳು ಬಿಡಲಿಲ್ಲ.

ಸಿದ್ದಲಿಂಗೇಶನಿಗೆ ಹತ್ತಿಯ ದಲಾಲಿ ಅಂಗಡಿ. ದಸರೆಯಿಂದ ಯುಗಾದಿಯವರೆಗೆ ಮಾರುಕಟ್ಟೆಗೆ ಹತ್ತಿ ಬರುತ್ತಲೇ ಇರುತ್ತದೆ. ಆಗ ಉಸಿರಾಡಲೂ ಬಿಡುವಿಲ್ಲ. ಜನ ಮರಳುಗಾಡು ನೋಡಲು ಹೋಗುವುದೂ ಆ ಚಳಿಯ ತಿಂಗಳುಗಳಲ್ಲಿಯೇ. ಇವರಿಗೆ ಬಿಡುವಾಗುವುದು ಮೇ ತಿಂಗಳಲ್ಲಿ, ಅಲ್ಲಿ ಬೆಂಕಿ ಸುರಿಯುವಾಗ. ಹೀಗೆ ಪ್ರತಿ ವರ್ಷ ಮಾತು ಎದ್ದು ಮಾತಾಗಿಯೇ ಮಲಗುತ್ತಿತ್ತು.

ಎರಡು ವರ್ಷದ ಕೆಳಗೆ, ಬಟ್ಟೆ ವ್ಯಾಪಾರಕ್ಕೆ ಬಂದ ಸುಗನಾಳ ಸಂಬಂಧಿಯೊಬ್ಬನಿಂದ ಅವಳ ಫೋನ್ ನಂಬರು ಸಿಕ್ಕಿ ಇಬ್ಬರೂ ಮಾತಾಡತೊಡಗಿದರು. ಸುಗನಾಳ ಕನ್ನಡ ಹದಿನಾರರ ಹುಡುಗಿಯದಾಗಿಯೇ ಉಳಿದಿತ್ತು. ಅಲ್ಲಿ ಅದನ್ನು ಆಡಲು ಯಾರಿದ್ದರು? ಈ ವರ್ಷ ಯುಗಾದಿಯ ದಿನ ವಿಜಯಶ್ರೀ ಹಟ ಹಿಡಿದಳು.

"ಇಲ್ಲಿ ಬಿಸಿಲು ಸಾಲಂಗಿಲ್ಲಂತ ಅಲ್ಲಿಗೆ ಹೋಗೋದಾ?" ಎಂದ ಸಿದ್ದಲಿಂಗೇಶ.

ಕಾಲೇಜು ಓದುವ ಮಗಳು ತ್ರಿವೇಣಿ ಫೋನು ತಿರುಗಿಸಿ ತೋರಿಸಿದಳು. "ಅಮ್ಮಾ, ನಮ್ಮ ಕ್ಲಾಸಿನೋರೆಲ್ಲ ಊಟಿಗೆ ಹೊಂಟಾರ. ನೀನು ನಮ್ಮನ್ನ ಕಾವಲಿ ಮ್ಯಾಲ ಕುಂದ್ರಸಾಕ ಹೊಂಟಿದ್ದಿ!"

"ಸಂಜಿಕ ತಣ್ಣಗಾಗತೈತಿ. ಕೌದಿ ಹೊದ್ಕೋತಾರ."

"ಯಾರ್ ಹೇಳಿದ್ರು?"

"ಸುಗನಾ."

"ಯಾವಾಗ?"

"ಐದನೇ ಕ್ಲಾಸಿನಾಗ" ಎಂದಳು ವಿಜಯಶ್ರೀ. ತಂದೆ ಮಗಳು ಇಬ್ಬರೂ ಬಿದ್ದು ಬಿದ್ದು ನಕ್ಕರು. ಆ ನಗುವಿನಲ್ಲಿಯೇ ಸಿದ್ದಲಿಂಗೇಶ ಒಪ್ಪಿಕೊಂಡ.

ಸ್ಟೇಷನ್ನಿನ ಹತ್ತಿರ ಟಿಕೆಟ್ ಮಾಡಿಸಿಕೊಡುವ ಸೂರಿ ತೆಲುಗು ಬೆರೆಸಿ, "ಏನಕ್ಕಾ, ನಮ್ಮ ಎಂಡಲು ಸಾಲ್ದಾ? ಈ ಬಿಸಿಲಾಗ ಅಲ್ಲಿ ಹೋಟ್ಲುಗಳೂ ಬಾಗಿಲು ಹಾಕಿರ್ತಾವ" ಎಂದ. "ಹೋಟ್ಲಿಗೆ ಯಾರ್ ಹೊಂಟಾರಪ್ಪ? ನಮ್ಮೋರ ಮನಿಗೆ ಹೋಗೋದು" ಎಂದಳು ವಿಜಯಶ್ರೀ. ಹಾಗೆ ಹೇಳಿದ್ದು ಅವಳ ಜೀವನದಲ್ಲಿ ಅದೇ ಮೊದಲು. ದಾರಿಯಲ್ಲಿ ಗಂಡ ಹೊಸ ಚಪ್ಪಲಿ ಕೊಡಿಸಿದ. ವೀರಬಸಮ್ಮ ಎದುರು ಮನೆಯಲ್ಲಿ ಕಟಿರೊಟ್ಟಿ ಬಡಿಯಲು ತೊಡಗಿದಳು. ಆ ಒಣರೊಟ್ಟಿ ಎಷ್ಟು ದಿನವಾದರೂ ಕೆಡುವುದಿಲ್ಲ. ಶೇಂಗಾಚಟ್ನಿಯ ಘಮ ಓಣಿಯ ಮೂಲೆಯವರೆಗೂ ಹೋಯಿತು. ಊಟಿ ಊಟಿ ಎನ್ನುತ್ತಿದ್ದ ತ್ರಿವೇಣಿಯೂ ಒಂಟೆಯ ಚಿತ್ರಗಳನ್ನು ನೋಡುತ್ತ ಕೂರತೊಡಗಿದಳು.

ಹೊರಡುವ ದಿನ ಹತ್ತಿರ ಬಂದಾಗ ವಿಜಯಶ್ರೀ ಫೋನಿನಲ್ಲಿ ಕೇಳಿದಳು: "ಸುಗನಾ, ನಿನಗ ಏನು ತರ್ಲಿ?"

"ಒಗ್ಗಾಣಿ ಮಿರ್ಚಿ ತಾ" ಎಂದು ಸುಗನಾ ನಕ್ಕಳು. "ಬಿಡು, ರೈಲಿನಾಗ ಹಳಸಿ ಹೋಗತೈತಿ." ನಂತರ, "ನಮ್ಮ ಮನಿ ಮುಂದಿನ ಬೇವಿನ ಗಿಡ ಐತೇನು ವಿಜಿ?" ಎಂದಳು.

"ಗಿಡ ಐತಿ. ಮನಿ ಕೆಡವಿ ಗೋದಾಮು ಕಟ್ಯಾರ."

ಸುಗನಾ ಮೆಲ್ಲಗೆ ಹೇಳಿದಳು: "ರಜಾ ಬಂತಂದ್ರ ಇಲ್ಲಿ ಹೆಣ್ಮಕ್ಕಳೆಲ್ಲ ತವರಿಗೆ ಹೋಗ್ತಾರ. ನನ್ನ ತವರು ಆದೋನಿ ಅಂದ್ರ, ಅಲ್ಲಿ ನಿನಗ ಯಾರದಾರ ಅಂತಾರ ಇವರು. ಅಪ್ಪ ಇಲ್ಲ, ಅವ್ವ ಇಲ್ಲ. ಉಡಿ ತುಂಬೋರಿಲ್ಲದ ಊರಿಗೆ ಹೆಂಗ ಬರ್ಲಿ?"

ಸುಗನಾ ಮರಳಿನ ಸೀಮೆಯ ಮಗಳು, ಆದೋನಿಗೆ ಬಂದು ಹೋದವಳು ಎಂದೇ ವಿಜಯಶ್ರೀ ಇಷ್ಟು ವರ್ಷ ತಿಳಿದಿದ್ದಳು. ಸುಗನಾ ಹುಟ್ಟಿದ್ದು ಈ ಓಣಿಯಲ್ಲಿ ಎಂಬುದು ಅವಳಿಗೆ ಮರೆತೇ ಹೋಗಿತ್ತು.

ಮರುದಿನ ಅವಳು ಎಂದಿನಂತೆ ಬರಿಗಾಲಲ್ಲಿ ಓಣಿ ದಾಟಿದಳು. ವೀರಬಸಮ್ಮ ಮೊರದಲ್ಲಿ ಅಕ್ಕಿ, ಬೆಲ್ಲ, ಕೊಬ್ಬರಿಬಟ್ಟಲು, ಹೊಸ ಕುಬುಸದ ಕಣ ಜೋಡಿಸಿಟ್ಟು ಕುಳಿತಿದ್ದಳು.

"ಇದೇನವ್ವ?"

"ನಿನ್ನ ಲಗ್ನದಾಗ ನಕ್ಕೊಂತ ಉಡಿ ತುಂಬಿದ್ದೆ. ಈಗರ ನೆಟ್ಟಗ ತುಂಬ್ತೀನಿ. ನನ್ನ ಮಗಳು ದೂರದ ಊರಿಗೆ ಹೊಂಟಾಳಲ್ಲ" ಎಂದಳು ತಾಯಿ. ಕಣ್ಣಿನಲ್ಲಿ ನೀರಿತ್ತು.

ವಿಜಯಶ್ರೀ ಮೊರದ ಪಕ್ಕದಲ್ಲಿ ಕುಳಿತು ಅಕ್ಕಿಯಲ್ಲಿ ಬೆರಳಾಡಿಸಿದಳು. "ಅವ್ವಾ, ಈ ಉಡಿ ಸುಗನಾಗ ತುಂಬ್ತಿಯೇನು?"

"ತಗೊಂಡ್ಹೋಗು, ಬ್ಯಾಡಂದೆನಾ?"

"ತಗೊಂಡು ಹೋಗಂಗಿಲ್ಲ. ಆಕಿನ್ನ ಇಲ್ಲಿಗೆ ಕರೀತೀನಿ. ಆಕಿಗೂ ಈ ಮೇದಾಗನ ಬಿಡುವು. ಆಕಿ ಸೊಸಿ ಟೀಚರ್, ಸಾಲಿ ರಜಾ ಬಿಟ್ಟು ಸೊಸಿ ಮನ್ಯಾಗಿದ್ದಾಗ ಅಷ್ಟ ಹೊರಗ ಬೀಳಾಕ ಆಗತೈತಂತ."

"ಹುಚ್ಚಿ! ಎಷ್ಟ್ ವರ್ಷದ್ದು ನಿನ್ನ ಆಸಿ! ನೀನು ಹೋಗೋದ್ ಬ್ಯಾಡೇನು?"

"ನಾನು ಹೋದ್ರ ಆಕಿ ಮನಿಗೆ ಬೀಗರ ಹಂಗ ಹೋಗ್ತೀನಿ. ಆಕಿ ಬಂದ್ರ ಮಗಳಾಗಿ ಬರ್ತಾಳ."

ವೀರಬಸಮ್ಮ ಎದ್ದು ಮೊರವನ್ನು ದೇವರ ಗೂಡಿನ ಮುಂದೆ ಇಟ್ಟು ಬಟ್ಟೆ ಮುಚ್ಚಿದಳು.

"ಅಯ್ಯೋ, ನನ್ನ ಒಂಟಿ!" ಎಂದು ತ್ರಿವೇಣಿ ಗೋಳಾಡಿದಳು. ಸಿದ್ದಲಿಂಗೇಶ ಮಾತ್ರ ಹೆಂಡತಿಯನ್ನು ಗೇಲಿ ಮಾಡಲಿಲ್ಲ. ಟಿಕೆಟುಗಳನ್ನು ರದ್ದು ಮಾಡಿಸಲು ತಾನೇ ಸೂರಿಯ ಬಳಿಗೆ ಹೋದ. ಹಿಂದಿರುಗಿ ಬಂದು, "ಮುಂದಿನ ವರ್ಷ ನೋಡೂಣು ವಿಜಿ" ಎಂದ. ಮುಂದಿನ ವರ್ಷವೆಂಬ ಮಾತನ್ನು ಅವಳು ಬಹಳ ಸಲ ಕೇಳಿದ್ದಳು. ಆದರೂ ಹೂಂಗುಟ್ಟಿದಳು.

"ಸುಗನಾ, ನಮ್ಮವ್ವ ಉಡಿ ತುಂಬ್ತಾಳಂತ. ಬಾ" ಎಂದು ಫೋನಿನಲ್ಲಿ ಹೇಳಿದಾಗ ಆ ಕಡೆಯಿಂದ ಅಳುವಿನ ಸದ್ದಷ್ಟೇ ಕೇಳಿತು. ನಾಲ್ಕಾರು ದಿನ ಕಳೆದ ಮೇಲೆ, ಹೊರಡಲು ಮನೆಯವರು ಒಪ್ಪಿದರೆಂಬ ಸುದ್ದಿ ಬಂತು.

ಈಗ ವಿಜಯಶ್ರೀ ಮಾಳಿಗೆಯ ಕೋಣೆಗೆ ಸುಣ್ಣ ಹೊಡೆಸಿದ್ದಾಳೆ. ಹೊಸ ಚಪ್ಪಲಿ ಇನ್ನೂ ಡಬ್ಬಿಯಲ್ಲಿಯೇ ಇದೆ. ಸುಗನಾಳನ್ನು ಕರೆತರಲು ಸ್ಟೇಷನ್ನಿಗೆ ಹೋಗುವ ದಿನ ಮೆಟ್ಟುತ್ತಾಳಂತೆ. ದಿನವೂ ಸಂಜೆ ಕೊಡದಲ್ಲಿ ನೀರು ಹೊತ್ತು ಮಾಳಿಗೆ ಹತ್ತುತ್ತಾಳೆ. ಸುಗನಾ ಬಂದ ಮೇಲೆ ಅಲ್ಲಿಯೇ ಎರಡು ಹೊರಸು ಹಾಕಿಕೊಂಡು ಮಲಗುವುದೆಂದು ಮಾತಾಗಿದೆ. ಬಂಡೆ ಈಗಿನಿಂದಲೇ ತಣಿಯಲಿ ಎಂದು ನೀರು ಸುರಿಯುತ್ತಾಳೆ. ಬಂಡೆ ಚುಂಯ್ ಎಂದು ಆವಿ ಬಿಡುತ್ತದೆ. ದೂರದಲ್ಲಿ ರೈಲು ಕೂಗಿದರೆ ಒಂದು ಗಳಿಗೆ ಆ ಕಡೆ ನೋಡುತ್ತಾಳೆ. ಆಮೇಲೆ ಬರಿಯ ಪಾದವನ್ನು ಬಂಡೆಯ ಮೇಲೆ ಇಟ್ಟು ನೋಡುತ್ತಾಳೆ.

"ಇನ್ನೂ ಸುಡ್ತೈತಿ. ಮರಳಾಗಿದ್ರ ಇಷ್ಟೊತ್ತಿಗೆ ತಣ್ಣಗಾಗ್ತಿತ್ತು" ಎಂದು ತ್ರಿವೇಣಿಗೆ ಹೇಳುತ್ತಾಳೆ, ಇನ್ನೊಂದು ಕೊಡ ನೀರಿಗಾಗಿ ಮೆಟ್ಟಿಲು ಇಳಿಯುತ್ತಾಳೆ.