ಖಾರದ ಬಾಟ್ಲಿಯ ಲೆಕ್ಕ

ದೊಡ್ಡಜ್ಜಿ ನಮ್ಮ ಮನೆಯಲ್ಲಿ ನೀರು ಕುಡಿದದ್ದು ಸೊನ್ನೆ ಸಲ. ಖಾರದ ಬಾಟ್ಲಿ ಬೇಕೆಂದು ನಮ್ಮ ಹಿತ್ತಲ ಬಾಗಿಲಿಗೆ ಜನ ಕಳಿಸಿದ್ದು ಮೂವತ್ತೊಂದು ಸಲ. ಇದು ನಾನು ಐದನೇ ಕ್ಲಾಸಿನಿಂದ ಬರೆದಿಟ್ಟ ಲೆಕ್ಕ. ಅದಕ್ಕೂ ಹಿಂದಿನದು ಅಜ್ಜಿಗೆ ಮಾತ್ರ ಗೊತ್ತು, ಅವಳು ಎಣಿಸಿದವಳಲ್ಲ.

ದೊಡ್ಡಜ್ಜಿ ಎಂದರೆ ನನ್ನ ತಾತನ ಅಣ್ಣನ ಹೆಂಡತಿ. ಯಲಹಂಕದ ಪಕ್ಕದ ಕೋಗಿಲಿನಲ್ಲಿ ನಮ್ಮದೂ ಅವರದೂ ಒಂದೇ ಬೀದಿ, ನಡುವೆ ನಾಲ್ಕು ಮನೆ. ತಾತನ ಕಡೆಯವರು ರಾಗಿ, ತರಕಾರಿ ಬೆಳೆದವರು. ಆ ಹೊಲಗಳ ಮೇಲೆ ಈಗ ಅಪಾರ್ಟ್‌ಮೆಂಟುಗಳಿವೆ. ಅಜ್ಜಿ ಮಾತ್ರ ಹೆಂಡದಂಗಡಿಯವರ ಮಗಳು. ಅವಳಪ್ಪ ಕೆರೆ ಕೆಳಗಿನ ಈಚಲು ಮರಗಳನ್ನು ಹತ್ತಿ ಹೆಂಡ ಇಳಿಸಿ, ಏರಿಯ ಮೇಲಿನ ಗುಡಿಸಲಲ್ಲಿ ಮಾರುತ್ತಿದ್ದ. ತಾತ ಅಲ್ಲಿಗೆ ಹೆಂಡ ಕುಡಿಯಲು ಹೋಗಿ ಹೆಣ್ಣು ನೋಡಿಕೊಂಡು ಬಂದ ಎಂದು ಬೀದಿಯೆಲ್ಲ ನಕ್ಕಿತಂತೆ. ನಗದೆ ಇದ್ದವರು ದೊಡ್ಡಜ್ಜಿ. ‘ಎಂಡ ಅಳ್ದ ಕೈಯಿಂದ ನಾನು ನೀರು ಮುಟ್ಟಾಕಿಲ್ಲ’ ಎಂದು ಮದುವೆಯ ವಾರದಲ್ಲೇ ಹೇಳಿದರು, ಹೇಳಿದಂತೆ ನಡೆದುಕೊಂಡರು.

ಆದರೆ ಖಾರದ ಬಾಟ್ಲಿ ನೀರಲ್ಲವಲ್ಲ.

ಅದು ಹುಟ್ಟಿದ್ದು ಆ ಗುಡಿಸಲಲ್ಲೇ. ಚಳಿಗಾಲದ ನಸುಕಿನಲ್ಲಿ ಮರ ಹತ್ತುವವರಿಗೆ ಎದೆಯಲ್ಲಿ ಕಫ ಕಟ್ಟುತ್ತದೆ. ಮರದ ತುದಿಯಲ್ಲಿ ಕೆಮ್ಮು ಬಂದರೆ ಹಿಡಿತ ಸಡಿಲುತ್ತದೆ. ಅದಕ್ಕೇ ಅಜ್ಜಿಯ ಅಮ್ಮ ಸಾರಾಯಿಯಲ್ಲಿ ಮೆಣಸು, ಹಿಪ್ಪಲಿ, ಒಣಶುಂಠಿ, ಓಮ, ಚೂರು ಜಾಯಿಕಾಯಿ, ಕಪ್ಪು ಬೆಲ್ಲ ಹಾಕಿ, ಪಿಂಗಾಣಿ ಜಾಡಿಯ ಬಾಯಿಗೆ ಬಟ್ಟೆ ಕಟ್ಟಿ ನಲವತ್ತೆಂಟು ದಿನ ಇಡುತ್ತಿದ್ದಳು. ಹತ್ತುವ ಮುಂಚೆ ಒಂದು ಚಮಚ, ಇಳಿದ ಮೇಲೆ ಒಂದು ಚಮಚ. ಸರ್ಕಾರ ಸಾರಾಯಿ ನಿಲ್ಲಿಸಿದ ಮೇಲೆ ಅಜ್ಜಿ ಅಂಗಡಿಯ ಬ್ರಾಂದಿಗೆ ಬದಲಾಯಿಸಿಕೊಂಡಳು. ಈಚಲು ಮರಗಳು ಹೋದವು, ಹತ್ತುವವರು ಹೋದರು, ಜಾಡಿ ಉಳಿಯಿತು. ಮಾರ್ಗಶಿರದ ಚಳಿ ಶುರುವಾದರೆ ಬೀದಿಯ ಮುದುಕರೆಲ್ಲ ಖಾಲಿ ಕ್ವಾರ್ಟರ್ ಬಾಟ್ಲಿ ಹಿಡಿದು ಬರುತ್ತಾರೆ. ಅಜ್ಜಿ ಯಾರಿಂದಲೂ ಏನೂ ತೆಗೆದುಕೊಳ್ಳುವುದಿಲ್ಲ. ಅವಳದು ಒಂದೇ ಕಟ್ಟಳೆ: ಕೊಟ್ಟ ಬಾಟ್ಲಿ ಖಾಲಿಯಾಗಿ ವಾಪಸ್ ಬರದೆ ಇನ್ನೊಂದು ಇಲ್ಲ. ಇದು ಹೆಂಡದಂಗಡಿಯ ಬುದ್ಧಿ. ಮಡಕೆ ವಾಪಸ್ ಕೊಡದವನಿಗೆ ಅವಳಪ್ಪನೂ ಹೆಂಡ ಹಾಕುತ್ತಿರಲಿಲ್ಲವಂತೆ.

ನಾನು ಲೆಕ್ಕ ಬರೆಯಲು ಶುರು ಮಾಡಿದ್ದು ದೊಡ್ಡಪ್ಪನ ಹೊಸ ಮನೆಯ ಗೃಹಪ್ರವೇಶದ ದಿನ. ದೊಡ್ಡಪ್ಪ ದೊಡ್ಡಜ್ಜಿಯ ಒಬ್ಬನೇ ಮಗ, ನಮ್ಮಪ್ಪನಿಗೆ ಅಣ್ಣನಾಗಬೇಕು. ಅವತ್ತು ಎಲ್ಲರಿಗೂ ಸ್ಟೀಲ್ ಲೋಟದಲ್ಲಿ ಮಜ್ಜಿಗೆ ಕೊಟ್ಟರು, ಅಜ್ಜಿಗೆ ಮಾತ್ರ ಪೇಪರ್ ಕಪ್ಪು.

‘ಲೋಟ ಸಾಲ್ನಿಲ್ಲ ಕಣಮ್ಮಿ’ ಎಂದರು ದೊಡ್ಡಜ್ಜಿ.

ನಾನು ಅಡುಗೆಮನೆಗೆ ಹೋಗಿ ನೋಡಿದೆ. ಕಟ್ಟೆಯ ಮೇಲೆ ತೊಳೆದು ಬೋರಲು ಹಾಕಿದ ಲೋಟಗಳಿದ್ದವು. ಎಣಿಸಿದೆ. ಮನೆಗೆ ಬಂದು ಗಣಿತದ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದೆ: ‘ಖಾಲಿ ಲೋಟ ಹನ್ನೊಂದು.’ ನನ್ನ ಮೊದಲ ದಿನಚರಿ ಅಷ್ಟೇ, ಮೂರು ಪದ.

ಆಮೇಲೆ ಬೇರೆ ನೋಟ್‌ಬುಕ್ ಮಾಡಿಕೊಂಡೆ. ಪ್ರತಿ ಸಲ ಅಜ್ಜಿ ಜಾಡಿ ಹಾಕಿದಾಗ ಪಕ್ಕದಲ್ಲಿ ಕೂತು, ಏನು ಎಷ್ಟು ಪಾವು, ಎಷ್ಟು ಬಾಟ್ಲಿ ಬ್ರಾಂದಿ, ಹಾಕಿದ ತಾರೀಕು, ಸೋಸಿದ ತಾರೀಕು, ಎಲ್ಲ ಬರೆದೆ. ಈಗ ಯಶವಂತಪುರದ ಔಷಧಿ ಗೋದಾಮೊಂದರಲ್ಲಿ ನನಗೆ ಸ್ಟಾಕ್ ನೋಡುವ ಕೆಲಸ. ಸಂಬಳಕ್ಕೆ ಮಾಡುವುದೂ ಅದನ್ನೇ.

ಫೆಬ್ರವರಿ 11, ಭಾನುವಾರ. ಅಜ್ಜಿಯನ್ನು ಕಣ್ಣಿನ ಡಾಕ್ಟರಿಗೆ ತೋರಿಸಿಕೊಂಡು ಬಂದು ನೋಟ್‌ಬುಕ್ ತೆಗೆದರೆ ಗುರುತಿನ ಕೆಂಪು ದಾರ ಬೇರೆ ಪುಟದಲ್ಲಿತ್ತು. ಅಪ್ಪನನ್ನು ಕೇಳಿದೆ.

‘ದೊಡ್ಡಪ್ಪ ಬಂದಿದ್ರು. ಮೂರು ಪುಟ ಫೋಟೋ ಹೊಡ್ಕೊಂಡ್ರು. ಹೋಟ್ಲಲ್ಲಿ ಏನೋ ಮಾಡ್ತಾರಂತೆ.’

‘ಅಜ್ಜೀನ ಕೇಳಿದ್ರಾ?’

‘ಕೇಳೋದೇನಿದೆ, ನಮ್ಮೋರೇ ಅಲ್ವಾ?’

ದೊಡ್ಡಪ್ಪ ಆಗ ಕೆಂಪಾಪುರದಲ್ಲಿ, ಏರ್‌ಪೋರ್ಟ್ ರಸ್ತೆಯ ಪಕ್ಕ, ಬಾರ್ ಇರುವ ದೊಡ್ಡ ರೆಸ್ಟೋರೆಂಟ್ ಕಟ್ಟಿಸುತ್ತಿದ್ದರು. ಏಪ್ರಿಲ್‌ನಲ್ಲಿ ಅದರ ಮೆನು ಕಾರ್ಡಿನ ಚಿತ್ರ ಮನೆಯವರ ವಾಟ್ಸ್ಆ್ಯಪ್ ಗುಂಪಿಗೆ ಬಂತು. ಮೊದಲ ಪುಟದಲ್ಲಿ ರೇಷ್ಮೆ ಸೀರೆ ಉಟ್ಟ ದೊಡ್ಡಜ್ಜಿಯ ಫೋಟೋ. ಕೆಳಗೆ ಹೀಗಿತ್ತು: ‘ನಮ್ಮ ಮನೆತನದ ಹಳೆಯ ಗುಟ್ಟು, ಖಾರದ ಬಾಟ್ಲಿ. ಅಮ್ಮನ ಕೈರುಚಿ.’

ಅದನ್ನು ಓದಿ ಹೇಳಿದಾಗ ಅಜ್ಜಿ ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. ‘ಅಕ್ಕ ಅದುನ್ನ ಯಾವತ್ತು ಮಾಡಿದ್ಲು?’ ಎಂದಳು, ದೊಡ್ಡಜ್ಜಿಯನ್ನು ಅವಳು ಕರೆಯುವುದು ಹಾಗೆ. ಇನ್ನೊಂದು ಕಾಯಿ ಎತ್ತಿಕೊಂಡು, ‘ನಮ್ಮವ್ವ ಮಾಡಿದ್ದು ಅಂತ ಒಬ್ರೂ ಯೋಳಾಕಿಲ್ಲ ಬುಡು ಇನ್ಮ್ಯಾಕೆ’ ಎಂದಳು. ಜೋರಾಗಿ ಹೇಳಲಿಲ್ಲ. ಕಾಯಿ ಮುರಿಯುವ ಸದ್ದು ಮಾತ್ರ ಜೋರಾಯಿತು. ಅಜ್ಜಿಗೆ ಅವಳಮ್ಮನದೆಂದು ಹೇಳಿಕೊಳ್ಳಲು ಉಳಿದಿದ್ದು ಅದೊಂದೇ. ಫೋಟೋ ಇಲ್ಲ, ಗುಡಿಸಲಿಲ್ಲ, ಆ ಕೆರೆಯೂ ಇಲ್ಲ. ಅದನ್ನು ಅವಳನ್ನು ಹೀಯಾಳಿಸಿದ ಬಾಯಿಯ ಹೆಸರಿಗೆ ಬರೆದಿದ್ದರು. ಅಜ್ಜಿಯ ಅಮ್ಮನ ಹೆಸರನ್ನು ವಾಪಸ್ ತರಬೇಕು, ತರುವಾಗ ಅವರಿಗೆ ಉರಿಯಬೇಕು. ಅವತ್ತಿನ ದಿನಚರಿಯಲ್ಲಿ ಇದನ್ನೇ ಬರೆದು ಅಡಿಗೆರೆ ಎಳೆದೆ.

ಒಂದು ಮಾತು ನನಗೆ ಗೊತ್ತಿತ್ತು, ದೊಡ್ಡಪ್ಪನಿಗೆ ಗೊತ್ತಿರಲಿಲ್ಲ. ಅಜ್ಜಿಯ ಪಾವು ಪಾವಲ್ಲ.

ಅದು ಹಿತ್ತಾಳೆಯದು. ಹೊರಗಿನಿಂದ ಸರಿಯಾದ ಅಳತೆ, ಒಳಗೆ ತಳ ಎತ್ತರಿಸಿ ಬೆಸುಗೆ ಹಾಕಿದೆ. ಹೆಂಡದಂಗಡಿಯಲ್ಲಿ ಎರಡು ಪಾವು ಇದ್ದವಂತೆ. ಅಬಕಾರಿ ಸಾಹೇಬರು ಬಂದರೆ ಸರಿಯಾದದ್ದು ಹೊರಗೆ, ಕುಡಿಯುವವರು ಬಂದರೆ ಸುಳ್ಳು ತಳದ್ದು. ಅಜ್ಜಿಯ ಮದುವೆಯಲ್ಲಿ ಅವಳಮ್ಮ ಸುಳ್ಳು ಪಾವನ್ನೇ ಪಾತ್ರೆಗಳ ಜೊತೆ ಸೇರಿಸಿ ಕಳಿಸಿದಳು. ‘ಇದು ಈ ಮನ್ಯಾಗಿದ್ರೆ ನಿಮ್ಮಪ್ಪ ಮೋಸ ಬುಡಾಕಿಲ್ಲ’ ಎಂದಳಂತೆ. ಮೋಸ ನಿಂತಿತೋ ಇಲ್ಲವೋ, ಆ ಪಾವು ನಮ್ಮ ಮನೆಗೆ ಬಂತು. ಅಜ್ಜಿ ಎಲ್ಲವನ್ನೂ ಅದರಲ್ಲೇ ಅಳೆದು ಅಭ್ಯಾಸ ಮಾಡಿಕೊಂಡಳು. ಒಂದು ದಿನ ನಾನು ಅಂಗಡಿಯ ಪಾವಿನ ಜೊತೆ ಇಟ್ಟು ನೋಡಿದೆ. ಅಜ್ಜಿಯ ಎರಡು ಪಾವು ಮೆಣಸು ಅಂಗಡಿಯ ಒಂದು ಪಾವನ್ನು ತುಂಬಿ, ಒಂದು ಹಿಡಿ ಮಿಕ್ಕಿತು. ಬ್ರಾಂದಿ ಮಾತ್ರ ಬಾಟ್ಲಿ ಲೆಕ್ಕ, ಅದು ಎಲ್ಲಿ ಹಾಕಿದರೂ ಅಷ್ಟೇ. ನೋಟ್‌ಬುಕ್ಕಿನ ಕೊನೆಯಲ್ಲಿ ‘ಪಾವು ಎಂದರೆ ನಮ್ಮ ಪಾವು’ ಎಂದು ಬರೆದಿಟ್ಟಿದ್ದೆ. ದೊಡ್ಡಪ್ಪ ಫೋಟೋ ಹೊಡೆದದ್ದು ಮೊದಲ ಮೂರು ಪುಟ.

ಮೇ 28, ಮಂಗಳವಾರ, ಗೋದಾಮಿನಲ್ಲಿ ಊಟದ ಹೊತ್ತಿಗೆ ಅವರ ಫೋನು.

‘ಏನ್ ಪುಟ್ಟಿ, ಹೆಂಗಿದ್ದೀಯ? ಒಂದ್ ವಿಷ್ಯ. ನಿನ್ ಪುಸ್ತಕದಲ್ಲಿ ಇದ್ದಂಗೇ ಹಾಕ್ಸಿದ್ದೀನಿ ಕಣೆ. ಗಂಟಲು ಕಿತ್ತೋಗೋ ಖಾರ. ಏನಾದ್ರೂ ಬಿಟ್ಟಿದ್ದೀಯಾ?’

ಪಾವಿನ ಗುಟ್ಟು ಹೇಳಿದ್ದರೆ ಅರ್ಧ ನಿಮಿಷದ ಕೆಲಸ. ‘ನಾನು ಏನೂ ಬಿಟ್ಟಿಲ್ಲ ದೊಡ್ಡಪ್ಪ. ಗೊತ್ತಾಗ್ದಿದ್ರೆ ದೊಡ್ಡಜ್ಜೀನೇ ಕೇಳಿ. ಅವರ ಕೈರುಚಿ ಅಲ್ವಾ?’ ಎಂದೆ.

‘ಬೆಲ್ಲ ಜಾಸ್ತಿ ಹಾಕ್ಸಿದ್ರೆ ಸರಿಹೋಗುತ್ತೆ ಬಿಡು’ ಎಂದರು. ಸರಿಹೋಗುವುದಿಲ್ಲ. ಹಿಪ್ಪಲಿಯ ಖಾರ ಬೆಲ್ಲದ ಹಿಂದೆ ಅಡಗಿ ಕೂತು ನುಂಗಿದ ಮೇಲೆ ಏಳುತ್ತದೆ. ಅದನ್ನೂ ನಾನು ಹೇಳಲಿಲ್ಲ. ಅವತ್ತು ಮಧ್ಯಾಹ್ನ ನನಗೆ ಊಟ ಬಹಳ ರುಚಿಸಿತು.

ಜೂನ್ 8, ಶನಿವಾರ, ರೆಸ್ಟೋರೆಂಟಿನ ಪೂಜೆ ಮತ್ತು ಊಟ. ‘ಚಿಕ್ಕಮ್ಮಂಗೆ ಅಷ್ಟೊತ್ತು ಕೂರಕ್ಕಾಗಲ್ಲ’ ಎಂದು ದೊಡ್ಡಪ್ಪ ಅಜ್ಜಿಯನ್ನು ಕರೆಯಲಿಲ್ಲ. ಅಪ್ಪನ ಜೊತೆ ನಾನು ಹೋದೆ, ಪರ್ಸಿನಲ್ಲಿ ಚಿಕ್ಕ ನೋಟ್‌ಬುಕ್ ಇಟ್ಟುಕೊಂಡು. ದೊಡ್ಡಜ್ಜಿಯನ್ನು ನಡುವಿನ ಸೋಫಾದಲ್ಲಿ ಕೂರಿಸಿದ್ದರು. ಪಕ್ಕದಲ್ಲಿ ತಣಿಸಂದ್ರದ ಕಡೆಯ ಬಿಲ್ಡರುಗಳು, ದೊಡ್ಡಪ್ಪನ ಸ್ನೇಹಿತರು. ಪುಟ್ಟ ಗಾಜಿನ ಲೋಟಗಳಲ್ಲಿ ಖಾರದ ಬಾಟ್ಲಿ ಬಂತು. ಮೊದಲ ಲೋಟ ದೊಡ್ಡಜ್ಜಿಗೆ. ಎಲ್ಲರೂ ಫೋನು ಎತ್ತಿ ಹಿಡಿದರು.

ದೊಡ್ಡಜ್ಜಿ ಒಂದು ಗುಟುಕು ನುಂಗಿದರು. ಮೂರು ಎಣಿಸುವಷ್ಟು ಹೊತ್ತು ಏನೂ ಆಗಲಿಲ್ಲ. ಆಮೇಲೆ ಕೆಮ್ಮು ಶುರುವಾಯಿತು. ಕಣ್ಣಲ್ಲಿ ನೀರು, ಮೂಗಲ್ಲಿ ನೀರು. ಸೆರಗಿನಿಂದ ಬಾಯಿ ಒರೆಸಿಕೊಂಡು ಮಗನ ಮೇಲೆ ರೇಗಿದರು: ‘ಇದೇನ್ಲಾ ಇದು, ಥೂ! ಅವ್ಳದ್ ಇಂಗಿರಾಕಿಲ್ಲ ಕಣ್ಲಾ!’

‘ಯಾರ್ದಮ್ಮಾ?’ ಎಂದು ಒಬ್ಬ ಬಿಲ್ಡರ್ ಕೇಳಿದ. ‘ನಿಮ್ದೇ ಅಂತ ಹಾಕವ್ರಲ್ಲ ಇಲ್ಲಿ?’

ಇನ್ನೊಬ್ಬ ತನ್ನ ಲೋಟ ಮುಗಿಸಿ ಕೆಮ್ಮುತ್ತಲೇ, ‘ಗುರು, ಇದ್ನ ಕುಡ್ದು ನಿಮ್ ತಾತ ಹೊಲ ಉಳ್ತಿದ್ರಾ, ಇಲ್ಲ ಎತ್ತಿಗೆ ಕುಡಿಸ್ತಿದ್ರಾ?’ ಎಂದ. ಕೆಮ್ಮಿನ ನಡುವೆ ನಗು. ದೊಡ್ಡಜ್ಜಿ ಲೋಟವನ್ನು ಮಗನ ಕಡೆ ತಳ್ಳಿದರು. ‘ಅವಳು’ ಯಾರೆಂದು ಹೇಳಲಿಲ್ಲ. ನಾನು ಬಾತ್‌ರೂಮಿಗೆ ಹೋಗಿ ಬರೆದುಕೊಂಡೆ: ಲೋಟ ಇಪ್ಪತ್ತಾರು, ಪೂರ್ತಿ ಖಾಲಿಯಾದದ್ದು ನಾಲ್ಕು.

ಮನೆಗೆ ಬಂದು ಕುಣಿದುಕೊಂಡು ಹೇಳಿದೆ. ಅಜ್ಜಿ ನಗಲಿಲ್ಲ. ‘ಅವಳು ಅಂದ್ರೆ ಯಾರು ಅಂತ ಯೋಳಿದ್ಲಾ?’

‘ಇಲ್ಲ.’

‘ಅಂಗಾದ್ರೆ ಏನಾಯ್ತು?’ ಎಂದು ಒಳಗೆ ಹೋದಳು. ನನ್ನ ಸೇಡು ನನ್ನ ನಾಲಗೆಗೆ ಮಾತ್ರ ಸಿಹಿಯಾಗಿತ್ತು. ಮುಂದಿನ ತಿಂಗಳ ಹೊತ್ತಿಗೆ ಖಾರದ ಬಾಟ್ಲಿ ಕಾರ್ಡಿನಿಂದ ಹೋಯಿತು. ದೊಡ್ಡಜ್ಜಿಯ ಫೋಟೋ ಇತ್ತು, ಅದರ ಕೆಳಗೆ ಈಗ ಕೋಳಿ ಸಾರು. ಅಜ್ಜಿಯ ಅಮ್ಮನ ಹೆಸರು ಅಲ್ಲೂ ಇಲ್ಲ, ಇಲ್ಲೂ ಇಲ್ಲ.

ಆಗ ಚಳಿಗಾಲಕ್ಕೆ ಕಾಯಲು ನಿರ್ಧರಿಸಿದೆ. ಅಕ್ಟೋಬರಿನಲ್ಲಿ ಅಜ್ಜಿ ಜಾಡಿ ಹಾಕಿದಳು. ನಾನು ಆ ಪಾವನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ಬೆಳಗಿ ಅವಳ ಕೈಯಲ್ಲಿ ಕೊಟ್ಟು ಫೋಟೋ ಹೊಡೆದೆ. ಯಲಹಂಕ ಹಳೇ ಪೇಟೆಯ ಪ್ರಿಂಟ್ ಅಂಗಡಿಯಲ್ಲಿ ಅದನ್ನು ಸ್ಟಿಕ್ಕರ್ ಮಾಡಿಸಿದೆ, ಹಾಳೆಗೆ ಹನ್ನೆರಡು. ಅಜ್ಜಿಯ ಮುಖ, ಕೈಯಲ್ಲಿ ಪಾವು, ಕೆಳಗೆ: ‘ಖಾರದ ಬಾಟ್ಲಿ. ಕೆರೆ ಏರಿಯ ಹೆಂಡದಂಗಡಿಯವರ ಹೆಂಡತಿ ಕಂಡುಹಿಡಿದದ್ದು, ಮಗಳು ಮಾಡಿದ್ದು.’

ಡಿಸೆಂಬರ್ 8, ಭಾನುವಾರ ಬೆಳಿಗ್ಗೆ ಹಿತ್ತಲ ಬಾಗಿಲು ತಟ್ಟಿದ ಸದ್ದು. ದೊಡ್ಡಪ್ಪ, ಕೈಯಲ್ಲಿ ಖಾಲಿ ಬಾಟ್ಲಿ. ನಾಲ್ಕು ಮನೆ ದಾಟಲು ತಂದ ಅವರ ಕಾರು ಮುಂಬಾಗಿಲಲ್ಲೇ ನಿಂತಿತ್ತು. ಕಾರಿಳಿದು, ಮನೆ ಸುತ್ತಿಕೊಂಡು, ಬಟ್ಟೆ ಒಗೆಯುವ ಕಲ್ಲು ದಾಟಿ ಬಂದಿದ್ದರು.

‘ಅಮ್ಮಂಗೆ ಎದೆ ಕಟ್ಟಿದೆ ಪುಟ್ಟಿ. ಮಾತ್ರೆ ತಗೊಂಡ್ರೂ ಅದೇ ಬೇಕು ಅಂತ ಹಟ ಮಾಡ್ತಾರೆ.’

‘ಮುಂದ್ಗಡೆ ಬನ್ನಿ ದೊಡ್ಡಪ್ಪ. ಈ ಬಾಗಿಲು ಇನ್ಮೇಲೆ ತೆಗೆಯಲ್ಲ.’ ಚಿಲಕ ಹಾಕಿದೆ. ಒಳಗಿನಿಂದ ಅವರ ಹೆಜ್ಜೆ ಕೇಳುತ್ತ ನಿಂತೆ. ಕಾರಿನ ಬಾಗಿಲಿನ ಸದ್ದು ಬರಬಹುದು ಎಂದುಕೊಂಡೆ, ಬರಲಿಲ್ಲ. ಮುಂಬಾಗಿಲ ಕರೆಗಂಟೆ ಹೊಡೆಯಿತು.

ಕೂರಿಸಿ, ಅಜ್ಜಿಯ ಕೈಯಲ್ಲಿ ಸ್ಟೀಲ್ ಲೋಟದಲ್ಲಿ ನೀರು ಕೊಡಿಸಿದೆ. ಅವರು ಲೋಟ ನೋಡಿದರು, ಅಜ್ಜಿಯನ್ನು ನೋಡಿದರು, ಕುಡಿದರು. ನಾನು ತುಂಬಿದ ಬಾಟ್ಲಿ ತಂದು ಮುಂದಿಟ್ಟೆ.

‘ಇದೇನ್ ಪುಟ್ಟಿ, ಸ್ಟಿಕ್ಕರು?’

‘ನಿಮ್ಮ ಕಾರ್ಡ್ ನೋಡಿ ಕಲ್ತಿದ್ದು ದೊಡ್ಡಪ್ಪ. ಚೆನ್ನಾಗಿತ್ತು, ಫೋಟೋ ಹಾಕಿ ಕೆಳಗೆ ಬರೆಯೋದು.’

ಅವರು ಓದಿದರು. ಕಿವಿ ಕೆಂಪಾಯಿತು. ‘ಅಮ್ಮ ಇದ್ನ ನೋಡಿದ್ರೆ...’

‘ಖಾಲಿ ಬಾಟ್ಲಿ ವಾಪಸ್ ಬರ್ಬೇಕು, ಗೊತ್ತಲ್ಲ. ಈ ಸಲ ಸ್ಟಿಕ್ಕರ್ ಸಮೇತ. ಕಿತ್ತಿದ್ರೆ ಇನ್ನೊಂದಿಲ್ಲ.’

ಅಜ್ಜಿ ನನ್ನ ತೊಡೆ ಚಿವುಟಿ, ‘ಅಕ್ಕಂಗೆ ಓದಾಕ್ ಬರಾಕಿಲ್ಲ ಕಣಮ್ಮಿ’ ಎಂದಳು. ಬೇಡ ಎನ್ನುತ್ತಾಳೇನೋ ಎಂದುಕೊಂಡೆ. ಆದರೆ ಅವಳೇ ಬಾಟ್ಲಿ ಎತ್ತಿಕೊಂಡು, ಸ್ಟಿಕ್ಕರನ್ನು ಹೆಬ್ಬೆರಳಿನಿಂದ ಇನ್ನೊಂದು ಸಲ ಒತ್ತಿದಳು. ‘ಓದಾಕ್ ಬರ್ದಿದ್ರೆ ಏನಂತೆ, ನನ್ ಮಕ ಗೊತ್ತೈತಲ್ಲ. ತಕಂಡೋಗಪ್ಪ. ಎರಡೊತ್ತು, ಒಂದೊಂದೇ ಚಮಚ.’

ಕ್ವಾರ್ಟರ್ ಬಾಟ್ಲಿಯಲ್ಲಿ ಮೂವತ್ತಾರು ಚಮಚ ಬರುತ್ತದೆ. ದಿನಕ್ಕೆ ಎರಡರಂತೆ ಹದಿನೆಂಟು ದಿನ. ದಿನವೂ ಗೀಟು ಎಳೆದೆ. ಕೆಲಸದಿಂದ ಬರುವಾಗ ಅವರ ಮನೆಯ ಕಿಟಕಿ ಕಡೆ ನೋಡಿ, ಈಗ ಬಾಟ್ಲಿ ಎತ್ತಿರುತ್ತಾರೆ, ಈಗ ಅಜ್ಜಿಯ ಮುಖ ನೋಡಿರುತ್ತಾರೆ ಎಂದುಕೊಂಡು ನಡೆಯುತ್ತಿದ್ದೆ. ಅಷ್ಟು ಸಂತೋಷ ನನಗೆ ಸಂಬಳ ಬಂದ ದಿನವೂ ಆಗಿಲ್ಲ.

ಡಿಸೆಂಬರ್ 26, ಗುರುವಾರ, ದೊಡ್ಡಪ್ಪನೇ ಬಾಟ್ಲಿ ವಾಪಸ್ ತಂದರು, ಮುಂಬಾಗಿಲಿಗೆ. ಸ್ಟಿಕ್ಕರ್ ಇತ್ತು. ಬಲಗಡೆಯ ಒಂದು ಮೂಲೆಯನ್ನು ಮಾತ್ರ ಉಗುರಿನಿಂದ ಎಬ್ಬಿಸಿ, ಮತ್ತೆ ಒತ್ತಿ ಅಂಟಿಸಿದ ಗುರುತಿತ್ತು. ಅಜ್ಜಿಗೆ ತೋರಿಸಿದೆ. ಅವಳು ಆ ಮೂಲೆಯ ಮೇಲೆ ಬೆರಳಾಡಿಸಿ, ಮೊದಲ ಸಲ ನಕ್ಕಳು. ‘ಕೀಳಾಕೋಗಿ ಕೆಮ್ಮು ಗ್ಯಾಪ್ಕ ಬಂದೈತೆ’ ಎಂದಳು.

‘ದೊಡ್ಡಜ್ಜಿ ಏನಂದ್ರು ದೊಡ್ಡಪ್ಪ?’ ಎಂದು ಕೇಳಿದೆ.

‘ಏನಿಲ್ಲ,’ ಎಂದರು ಅವರು, ಚಪ್ಪಲಿ ನೋಡುತ್ತ. ‘ಮೊಮ್ಮಕ್ಕಳು ಓದಿ ಹೇಳಿದ್ರು. ನಿಮ್ಮಜ್ಜಿಯ ಅಮ್ಮನ ಹೆಸ್ರೇನು ಅಂತ ಕೇಳ್ತಿದ್ವು. ಅಮ್ಮಂಗೆ ಗೊತ್ತಿತ್ತು, ಹೇಳಿದ್ರು.’

ಅಜ್ಜಿ ಕೂತಲ್ಲಿಂದ ಎದ್ದು ಜಾಡಿಯ ಬಟ್ಟೆ ಬಿಚ್ಚಲು ಹೋದಳು. ನಾನು ಲೆಕ್ಕದ ಪುಟ ತೆರೆದೆ. ದೊಡ್ಡಜ್ಜಿ ನಮ್ಮ ಮನೆಯಲ್ಲಿ ಕುಡಿದ ನೀರು ಇನ್ನೂ ಸೊನ್ನೆ. ಅದನ್ನು ನಾನು ಮರೆತಿಲ್ಲ, ಮರೆಯುವುದೂ ಇಲ್ಲ. ಎರಡನೇ ಬಾಟ್ಲಿಗೆ ಇನ್ನೂ ದೊಡ್ಡ ಅಳತೆಯ ಸ್ಟಿಕ್ಕರ್ ಅಂಟಿಸಿ ಕೊಟ್ಟೆ.