ನೆಲ ಬಿಟ್ಟ ಕಾಲು

ನರೋಣಾದ ಮೈದಾನದಲ್ಲಿ ನಾವು ಸಾಫ್ಟ್‌ಬಾಲ್ ಆಡುವಾಗ ಅಂಪೈರ್ ಆಗಿ ಒಬ್ಬ ಹೆಂಗಸು ಬರುತ್ತಿದ್ದರು; ನಾವೆಲ್ಲ ಅವರನ್ನು ಗೌರವದಿಂದ 'ಬಾಯಿ' ಎನ್ನುತ್ತಿದ್ದೆವು. ಚೆಂಡು ಎಸೆಯುವವಳ ಹಿಂಗಾಲು ನೆಲಕ್ಕೆ ಉಜ್ಜುತ್ತಲೇ ಮುಂದೆ ಬರಬೇಕು. ಹಾರಿದರೆ ಎಸೆತ ಅಕ್ರಮ. ಅದನ್ನು ಅವರು ನೋಡುತ್ತಿರಲಿಲ್ಲ, ಕಣ್ಣು ಮುಚ್ಚಿ ಕಾಲು ಉಜ್ಜುವ ಸಪ್ಪಳ ಕೇಳುತ್ತಿದ್ದರು. "ನೆಲಕ್ಕ ಹೇಳಿ ಹೋಗ ಬೇ," ಎನ್ನುತ್ತಿದ್ದರು ಪ್ರತಿ ಸಲ.

ಫೈನಲ್‌ನ ಕೊನೆಗೆ, ಎಲ್ಲರ ಚೀರಾಟದ ನಡುವೆ ನಾನು ಎಸೆದೆ. ಎದುರಿನವಳ ಬ್ಯಾಟಿಗೆ ಚೆಂಡು ಸಿಗಲಿಲ್ಲ. ಗೆದ್ದೆವು ಅಂದುಕೊಳ್ಳುವಷ್ಟರಲ್ಲಿ ಅಂಪೈರ್ ಬಾಯಿ ಕೈ ಎತ್ತಿದರು: ಅಕ್ರಮ. ಮುಂದಿನ ಎಸೆತಕ್ಕೆ ಸೋತೆವು.

"ಇಷ್ಟು ಗದ್ದಲದಾಗ ನಿಮಗ ಏನ್ ಕೇಳಿಸ್ತ್ರಿ ಬಾಯಾರ?"

"ನೆಲದಿಂದ ಏನೂ ಕೇಳಿಸಲಿಲ್ಲ. ನೀ ಅಲ್ಲಿ ಇರಲೇ ಇಲ್ಲ ಬೇ."

ನನ್ನ ನೆನಪಿನಲ್ಲಿ ಕಾಲು ಉಜ್ಜಿತ್ತು. ಆದರೆ ಆ ನೆನಪಿಗೆ ಸಪ್ಪಳವಿಲ್ಲ. ಈಗಲೂ ಒಬ್ಬಳೇ ನಡೆಯುವಾಗ ಕಾಲನ್ನು ನೆಲಕ್ಕೆ ಉಜ್ಜಿ ನೋಡುತ್ತೇನೆ. ಕೆಲವು ಸಲ ಕಾಲು ಮುಂದೆ ಹೋದ ಮೇಲೆ, ಸಪ್ಪಳ ತಡವಾಗಿ ಬರುತ್ತದೆ.